ಎಂಟು ದಿನ ಊರಿಗೆ ಹೋದರೆ ಮೊಲಗಳನ್ನು ಯಾರು ನೋಡಿಕೊಳ್ಳಬೇಕು, ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಾವು ದಾವಣಗೆರೆಯವರು. ಮನೆಯಲ್ಲಿ ಎರಡು ಮೊಲ ಸಾಕಿದ್ದೇವೆ. ಹತ್ತಿ ಹೆಣ್ಣು, ಬಿಳಿ, ನಾಲ್ಕು ವರ್ಷ. ಬೆಲ್ಲ ಗಂಡು, ಕಂದು ಬಣ್ಣ, ಮೂರು ವರ್ಷ, ಸ್ವಲ್ಪ ದಪ್ಪ. ಎರಡಕ್ಕೂ ಮರಿಯಾಗದ ಹಾಗೆ ಆಪರೇಷನ್ ಆಗಿದೆ, ಒಂದನ್ನೊಂದು ಬಿಟ್ಟಿರುವುದಿಲ್ಲ. ಏಪ್ರಿಲ್ ಕೊನೆಗೆ ಉಡುಪಿಯಲ್ಲಿ ನನ್ನ ನಾದಿನಿಯ ಮದುವೆ. ಎಂಟು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. "ನಾಲ್ಕೈದು ದಿನದ ಮೇವು ಒಟ್ಟಿಗೆ ಹಾಕಿ ಬಾ, ಹಸಿವಾದಾಗ ತಿನ್ನುತ್ತವೆ" ಅನ್ನುತ್ತಾರೆ ಅತ್ತೆ. ಕಾರಿನಲ್ಲೇ ಕರೆದುಕೊಂಡು ಹೋಗೋಣ ಅಂತ ನಮ್ಮ ಯಜಮಾನರು. ಮೊಲ ಕೊಟ್ಟ ಅಂಗಡಿಯವರು "ನೀರು ಮಾತ್ರ ಇಡಬೇಡಿ, ಭೇದಿ ಆಗುತ್ತೆ" ಅಂದಿದ್ದಾರೆ. ಪಕ್ಕದ ಮನೆಯ ಹುಡುಗಿ ಪಿಯುಸಿ ಪರೀಕ್ಷೆ ಮುಗಿಸಿದ್ದಾಳೆ, "ನಾನು ನೋಡ್ಕೋತೀನಿ ಆಂಟಿ" ಅಂತ ಖುಷಿಯಿಂದ ಹೇಳಿದ್ದಾಳೆ. ಆದರೆ ಅವಳು ಇದುವರೆಗೂ ಮೊಲ ಮುಟ್ಟಿದವಳಲ್ಲ. ಹೋದ ದೀಪಾವಳಿಗೆ ಎರಡು ದಿನ ತವರಿಗೆ ಹೋಗಿ ಬಂದಾಗ ಹತ್ತಿ ಏನೂ ತಿನ್ನದೆ ಮುದುಡಿ ಕೂತಿದ್ದಳು, ಉಳಿದದ್ದೇ ಹೆಚ್ಚು. ಆ ಭಯ ಇನ್ನೂ ಹೋಗಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಕೇಳಿರುವುದು ಎಂಟು ದಿನ ಮೊಲಗಳ ಹೊಟ್ಟೆ ತುಂಬಿಸುವುದು ಹೇಗೆ ಅಂತ. ಆದರೆ ನಿಮ್ಮನ್ನು ಕಾಡುತ್ತಿರುವುದು ದೀಪಾವಳಿಯ ಆ ಎರಡು ದಿನ. ಅದು ಮತ್ತೆ ಆದರೆ, ನೀವು ಉಡುಪಿಯಲ್ಲಿದ್ದಾಗ, ಆ ಹುಡುಗಿಗೆ ಗೊತ್ತಾಗುತ್ತದೆಯೇ? ಸರಿಯಾದ ಪ್ರಶ್ನೆ ಅದೇ. ಮೇವು ಹಾಕುವುದು ಹತ್ತು ನಿಮಿಷದ ಕೆಲಸ, ಯಾರು ಬೇಕಾದರೂ ಮಾಡುತ್ತಾರೆ. ಹಾಕಿದ್ದನ್ನು ತಿಂದಿವೆಯಾ ಇಲ್ವಾ ಅಂತ ನೋಡುವುದೇ ನಿಜವಾದ ಕೆಲಸ. ಆ ಹುಡುಗಿಗೆ ನೀವು ಕಲಿಸಬೇಕಾದ್ದು ಅದನ್ನೇ.

ನನಗೆ ಮರೆಯಲಾಗದ ಒಂದು ಕೇಸ್ ಹೇಳುತ್ತೇನೆ. ಮನೆಯವರು ಐದು ದಿನ ಪ್ರವಾಸ ಹೋಗಿದ್ದರು. ಮೊಲ ನೋಡಿಕೊಳ್ಳಲು ಒಪ್ಪಿದ್ದ ಹುಡುಗ ಬಹಳ ಶ್ರದ್ಧೆಯವನು. ದಿನಕ್ಕೆ ಮೂರು ಸಲ ಬಂದು ತಾಜಾ ಸೊಪ್ಪು, ಹುಲ್ಲು ಹಾಕಿದ್ದಾನೆ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು. ಮೂರನೇ ದಿನ ಆ ಮೊಲವನ್ನು ನನ್ನ ಟೇಬಲ್ ಮೇಲೆ ಇಟ್ಟಾಗ ಕಿವಿ ತಣ್ಣಗಾಗಿತ್ತು. "ಸಾರ್, ತಟ್ಟೆ ಯಾವಾಗಲೂ ತುಂಬಿಯೇ ಇತ್ತು" ಅಂತ ಅತ್ತ. ಹೌದು, ತಿನ್ನದ ಮೊಲದ ತಟ್ಟೆ ತುಂಬಿಯೇ ಇರುತ್ತದೆ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನದೇನೂ ತಪ್ಪಿಲ್ಲ.

ಮೊಲಕ್ಕೆ ಯಾಕೆ ಇಷ್ಟು ಅವಸರ ಅಂತ ಕೇಳಬಹುದು. ನಾಯಿ ಒಂದು ದಿನ ಊಟ ಬಿಟ್ಟರೆ ನಾವು ಗಾಬರಿ ಆಗುವುದಿಲ್ಲ, ಅಲ್ವಾ? ಮೊಲದ ಹೊಟ್ಟೆ ಬೇರೆ ತರಹ. ಹುಲ್ಲಿನ ನಾರು ಸದಾ ಒಳಗೆ ಹೋಗುತ್ತಿದ್ದರೆ ಮಾತ್ರ ಅದರ ಕರುಳು ನಡೆಯುತ್ತದೆ. ದೊಡ್ಡ ಕರುಳು ಶುರುವಾಗುವ ಕಡೆ ಒಂದು ದೊಡ್ಡ ಚೀಲವಿದೆ. ಹಸುವಿನ ಹೊಟ್ಟೆಯಲ್ಲಿ ಮೇವು ಹುಳಿಯುವ ಹಾಗೆ ಇಲ್ಲಿಯೂ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸುತ್ತವೆ. ಮೊಲ ಹೆದರಿದರೆ, ನೀರು ಕಡಿಮೆಯಾದರೆ, ಸೆಕೆ ತಡೆಯದಿದ್ದರೆ, ಎಲ್ಲಾದರೂ ನೋವಿದ್ದರೆ ಕರುಳಿನ ಓಟ ನಿಧಾನವಾಗುತ್ತದೆ. ಆಗ ಒಳಗಿರುವುದು ಒಣಗಿ ಗಟ್ಟಿಯಾಗುತ್ತದೆ, ಗ್ಯಾಸ್ ತುಂಬುತ್ತದೆ. ಗ್ಯಾಸ್ ನೋವಿಗೆ ಮೊಲ ತಿನ್ನುವುದನ್ನು ಬಿಡುತ್ತದೆ. ತಿನ್ನದಿದ್ದರೆ ಕರುಳು ಪೂರ್ತಿ ನಿಲ್ಲುತ್ತದೆ. ಇದೊಂದು ಸುಳಿ. ಇನ್ನೊಂದು ತೊಂದರೆ, ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಹಸಿದ ಮೊಲದ ಮೈಯ ಕೊಬ್ಬು ಕರಗಿ ಲಿವರ್‌ಗೆ ಸೇರುತ್ತದೆ. ಬೆಲ್ಲನ ಹಾಗೆ ದಪ್ಪಗಿರುವ ಮೊಲಗಳಲ್ಲಿ ಇದು ಬೇಗ ಆಗುತ್ತದೆ. ದೀಪಾವಳಿಯಲ್ಲಿ ಪಟಾಕಿ ಸದ್ದು, ನೀವಿಲ್ಲದ ಖಾಲಿ ಮನೆ, ಎರಡೂ ಸೇರಿ ಹತ್ತಿಗೆ ಹೀಗೇ ಆಗಿರಬೇಕು.

ಹಾಗಾಗಿ ಲೆಕ್ಕ ಗಂಟೆಗಳಲ್ಲಿ. ಎಂಟು ಗಂಟೆ ಏನೂ ತಿಂದಿಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಬೇಕು. ತಿನ್ನದೆ ಹನ್ನೆರಡು ಗಂಟೆ ಕಳೆಯುವುದರೊಳಗೆ ಮೊಲ ಡಾಕ್ಟರ ಮುಂದೆ ಇರಬೇಕು. "ಬೆಳಗಾಗಲಿ ನೋಡೋಣ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಈಗ ನಿಮ್ಮ ಅತ್ತೆಯವರ ಮಾತು. ಹಳ್ಳಿಯಲ್ಲಿ ಆಡು ಕುರಿ ನೋಡಿಕೊಂಡವರ ಅನುಭವ ಅದು, ಸುಮ್ನೆ ಆಡಿದ ಮಾತಲ್ಲ. ಒಣಹುಲ್ಲನ್ನು ಜಾಸ್ತಿ ಇಟ್ಟರೆ ತಪ್ಪೇನೂ ಇಲ್ಲ, ಇಡಲೇಬೇಕು. ಆದರೆ ನಾಲ್ಕು ದಿನದ ಸೊಪ್ಪು ಏಪ್ರಿಲ್ ಸೆಕೆಗೆ ಸಂಜೆಯೊಳಗೇ ಬಾಡಿ ಬಿಸಿಯಾಗುತ್ತದೆ. ನಾಲ್ಕು ದಿನದ ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೇವು, ಒಟ್ಟಿಗೆ ಸುರಿದರೆ ಬೆಲ್ಲ ಅದನ್ನು ಒಂದೇ ರಾತ್ರಿಯಲ್ಲಿ ಮುಗಿಸಿ ಹುಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ. ನೀರಿನ ಬಟ್ಟಲು ಮಗುಚಿ ಬಿದ್ದರೆ ಎತ್ತಿ ಇಡುವವರಿಲ್ಲ. ಒಂದು ಹಗಲು ಒಂದು ರಾತ್ರಿ ಕೂಡ ಮೊಲಗಳನ್ನು ಯಾರೂ ನೋಡದೆ ಬಿಡಬಾರದು.

ನೀರಿನ ವಿಷಯ ಇನ್ನೂ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಈ ತಪ್ಪು ನಂಬಿಕೆಯಿಂದ ಎಷ್ಟೋ ಮೊಲಗಳು ಸತ್ತಿವೆ. ಮೊಲಕ್ಕೆ ನೀರು ಬೇಕೇ ಬೇಕು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 50ರಿಂದ 150 ಮಿಲಿ ಕುಡಿಯುತ್ತದೆ. ಬೇಸಿಗೆಯಲ್ಲಿ, ಒಣಹುಲ್ಲು ತಿನ್ನುವಾಗ ಇನ್ನೂ ಜಾಸ್ತಿ. ಹಾಗಾದರೆ ಅಂಗಡಿಯವರು ಯಾಕೆ ಹಾಗೆ ಹೇಳುತ್ತಾರೆ? ತೀರಾ ಎಳೆಯ ಮರಿಗಳನ್ನು ಹಾಲು ಬಿಡಿಸಿ ಮಾರುತ್ತಾರೆ. ಅವಕ್ಕೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ತಗಲಿ ಭೇದಿ ಆಗುತ್ತದೆ, ಸಾಯುತ್ತವೆ. ತಪ್ಪು ನೀರಿನ ಮೇಲೆ ಬೀಳುತ್ತದೆ. ನೀರಿಲ್ಲದ ಮೊಲ ಮೊದಲು ಹುಲ್ಲು ಬಿಡುತ್ತದೆ, ಆಮೇಲೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಭಾರವಾದ ಕಲ್ಲಿನ ಅಥವಾ ಮಣ್ಣಿನ ಬಟ್ಟಲು ಎರಡು ಇಡಿ. ನಳಿಗೆಯ ಬಾಟಲಿ ಇದ್ದರೆ ಅದೂ ಇರಲಿ. ಆದರೆ ಅದರ ತುದಿಯ ಗುಂಡು ಸಿಕ್ಕಿಹಾಕಿಕೊಂಡು ನೀರು ಬಾರದೆ ನಿಲ್ಲುವುದುಂಟು. ದಿನಾ ಬೆರಳಲ್ಲಿ ಒತ್ತಿ ನೋಡಲು ಹುಡುಗಿಗೆ ಹೇಳಿ.

ಇನ್ನು ಯಜಮಾನರ ಕಾರು. ದಾವಣಗೆರೆಯಿಂದ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯಬೇಕು. ತಿರುವುಗಳು, ಬಸ್ಸಿನ ಹಾರ್ನ್, ಕಾರಿನೊಳಗಿನ ಕಾವು, ಎಲ್ಲ ಮುಗಿದ ಮೇಲೆ ಕರಾವಳಿಯ ಬೆವರಿನ ಸೆಕೆ. ಮೊಲಕ್ಕೆ ಬೆವರುವುದೇ ಗೊತ್ತಿಲ್ಲ. ಕಿವಿಯ ಮೂಲಕ ಒಂದಷ್ಟು ಬಿಸಿ ಹೊರಹಾಕುತ್ತದೆ, ಅಷ್ಟೇ. ಅಲ್ಲಿಗೆ ತಲುಪಿದ ಮೇಲೆ ಮದುವೆ ಮನೆಯಲ್ಲಿ ಇವುಗಳನ್ನು ಎಲ್ಲಿ ಇಡುತ್ತೀರಿ? ಮಕ್ಕಳೆಲ್ಲ ಎತ್ತಿಕೊಳ್ಳುತ್ತಾರೆ, ಒಬ್ಬೊಬ್ಬರು ಒಂದೊಂದು ತಿನ್ನಿಸುತ್ತಾರೆ. ಬೇಡ. ನಾಯಿಗಳನ್ನು ಬಿಟ್ಟುಕೊಳ್ಳುವ ಬೋರ್ಡಿಂಗ್ ಕೂಡ ನನಗೆ ಒಪ್ಪಿಗೆಯಿಲ್ಲ. ಮೊಲ ಬೇಟೆಗೆ ಗುರಿಯಾಗುವ ಪ್ರಾಣಿ. ಪಕ್ಕದ ಗೂಡಿನಲ್ಲಿ ನಾಯಿ ಬೊಗಳುತ್ತಿದ್ದರೆ ಅದಕ್ಕೆ ಪ್ರತಿ ನಿಮಿಷವೂ ಸಾವಿನ ಭಯ. ಮೊಲ, ಹಕ್ಕಿಗಳನ್ನು ಮಾತ್ರ ಬೇರೆ ಕೋಣೆಯಲ್ಲಿ ಇಟ್ಟು ನೋಡುವವರು ಸಿಕ್ಕರೆ ಆಗಬಹುದು. ಆಗಲೂ ಮೊದಲು ನೀವೇ ಹೋಗಿ ಜಾಗ ನೋಡಿ ಬನ್ನಿ.

ಉಳಿದಿರುವುದು ಪಕ್ಕದ ಮನೆಯ ಹುಡುಗಿ. ಅವಳ ಮನೆಗೆ ಮೊಲ ಕಳಿಸುವುದಾ, ನಿಮ್ಮ ಮನೆಗೆ ಅವಳು ಬರುವುದಾ? ಅವಳು ಬರಲಿ. ಪರಿಚಯದ ವಾಸನೆ, ಪರಿಚಯದ ಮೂಲೆ ಇದ್ದರೆ ಮೊಲದ ಅರ್ಧ ಹೆದರಿಕೆ ಕಡಿಮೆ. ದಿನಕ್ಕೆ ಮೂರು ಸಲ ಬರಬೇಕು. ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ. ಮಧ್ಯಾಹ್ನದ ಸಲ ಬೇಸಿಗೆಗೋಸ್ಕರ, ಅದನ್ನು ಬಿಡುವ ಹಾಗಿಲ್ಲ. ಹತ್ತಿಗೆ ಒಮ್ಮೆ ಹೀಗಾಗಿರುವುದರಿಂದ ಅವಳು ತಾಯಿಯ ಜೊತೆ ರಾತ್ರಿ ನಿಮ್ಮ ಮನೆಯಲ್ಲೇ ಮಲಗಿದರೆ ಇನ್ನೂ ಒಳ್ಳೆಯದು. ಮೊಲಗಳು ಮುಸ್ಸಂಜೆ ಮತ್ತು ಮುಂಜಾನೆ ಚುರುಕು. ತಿನ್ನುತ್ತಿವೆಯೋ ಇಲ್ಲವೋ ಆಗಲೇ ಸರಿಯಾಗಿ ಗೊತ್ತಾಗುವುದು. ಮತ್ತೆ, ಆ ಮಗುವಿಗೆ ದುಡ್ಡು ಕೊಡಿ. "ನಮ್ಮ ಹುಡುಗಿ ತಾನೇ" ಅಂತ ಒಂದು ಡಬ್ಬಿ ಸ್ವೀಟ್‌ನಲ್ಲಿ ಮುಗಿಸಬೇಡಿ. ಜವಾಬ್ದಾರಿಯ ಕೆಲಸ ಮಾಡಿಸುತ್ತಿದ್ದೀರಿ, ಅವಳಿಗೂ ಅದು ಜವಾಬ್ದಾರಿ ಅನ್ನಿಸಬೇಕು.

ಈಗ ಅವಳಿಗೆ ಹೇಳಿಕೊಡುವುದು. ಹೊರಡುವ ಹಿಂದಿನ ರಾತ್ರಿ ಬೀಗದ ಕೈ ಕೊಟ್ಟು ಗಡಿಬಿಡಿಯಲ್ಲಿ ಹೇಳಿದರೆ ಏನೂ ತಲೆಯಲ್ಲಿ ಉಳಿಯುವುದಿಲ್ಲ. ಎರಡು ವಾರ ಮೊದಲೇ ಶುರುಮಾಡಿ. ಮೊದಲ ದಿನ ಅವಳು ಸುಮ್ಮನೆ ನೆಲದ ಮೇಲೆ ಕೂತುಕೊಳ್ಳಲಿ, ಕೈಯಲ್ಲಿ ಒಂದು ಪುಸ್ತಕ ಇರಲಿ. ಮೊಲಗಳೇ ಬಂದು ಮೂಸಿ, ಗದ್ದ ಉಜ್ಜಿ ಹೋಗುತ್ತವೆ. ಎದುರಿನಿಂದ ಕೈ ಚಾಚುವುದು ಬೇಡ, ಮೂಗಿನ ಮುಂದೆಯೇ ಇರುವುದು ಮೊಲಕ್ಕೆ ಸರಿಯಾಗಿ ಕಾಣುವುದಿಲ್ಲ. ಎರಡನೇ ಸಲ ನೀವು ಮಾಡುವುದನ್ನು ಅವಳು ನೋಡಲಿ. ಮೂರನೇ ಸಲ ಅವಳು ಮಾಡಲಿ, ನೀವು ಬಾಯಿ ಮುಚ್ಚಿಕೊಂಡು ನೋಡಿ. ತಪ್ಪಾದರೆ ಕೊನೆಯಲ್ಲಿ ಹೇಳಿದರೆ ಸಾಕು. ಆಮೇಲೆ ಒಂದು ಶನಿವಾರ ನೀವು ನಿಜವಾಗಿಯೂ ಮನೆ ಬಿಟ್ಟು ಹೋಗಿ ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿದು ಬನ್ನಿ. ಬೀಗ ಸರಿಯಾಗಿ ತೆಗೆಯಲು ಬರುವುದಿಲ್ಲ, ಫ್ರಿಜ್‌ನಲ್ಲಿ ಸೊಪ್ಪು ಎಲ್ಲಿದೆ ಗೊತ್ತಾಗಲಿಲ್ಲ, ಇಂಥವೆಲ್ಲ ಆ ರಾತ್ರಿಯೇ ಹೊರಗೆ ಬರುತ್ತವೆ.

ಎತ್ತುವುದನ್ನು ಕಲಿಸಬೇಡಿ ಅನ್ನುತ್ತೇನೆ. ಕಿವಿ ಹಿಡಿದು ಎತ್ತುವುದಂತೂ ಮೊಲಕ್ಕೆ ಹಿಂಸೆ. ಸರಿಯಾಗಿ ಎತ್ತಿದರೂ ಹೊಸ ಕೈಯಲ್ಲಿ ಅದು ಹಿಂಗಾಲು ಜಾಡಿಸುತ್ತದೆ. ಆ ಕಾಲಿನ ಬಲಕ್ಕೆ ಅದರದೇ ಬೆನ್ನುಮೂಳೆ ಮುರಿಯಬಹುದು. ಇಂಥ ಮೊಲಗಳನ್ನು ನೋಡಿದ್ದೇನೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಎಂಟು ದಿನ ಎತ್ತದಿದ್ದರೆ ಏನೂ ನಷ್ಟವಿಲ್ಲ. ಅದರ ಬದಲು ಕ್ಯಾರಿಯರ್ ಬುಟ್ಟಿಯನ್ನು ಇವತ್ತಿನಿಂದಲೇ ಬಾಗಿಲು ತೆಗೆದು ಅವುಗಳ ಜಾಗದಲ್ಲಿ ಇಡಿ. ಒಳಗೆ ದಿನಾ ನಾಲ್ಕು ಎಲೆ ಕೊತ್ತಂಬರಿ ಹಾಕಿ. ತಾವಾಗಿಯೇ ಒಳಗೆ ಹೋಗುವುದು ಅಭ್ಯಾಸವಾದರೆ, ತುರ್ತಿನಲ್ಲಿ ಹುಡುಗಿ ಬಾಗಿಲು ಮುಚ್ಚಿದರಾಯಿತು. ಒಂದಕ್ಕೆ ಹುಷಾರಿಲ್ಲದಿದ್ದರೂ ಎರಡನ್ನೂ ಒಟ್ಟಿಗೇ ಡಾಕ್ಟರ ಹತ್ತಿರ ಒಯ್ಯಬೇಕು. ಜೋಡಿ ಬಿಡಿಸಿದರೆ ಹುಷಾರಿಲ್ಲದ್ದು ಇನ್ನೂ ಕುಗ್ಗುತ್ತದೆ. ವಾಪಸ್ ಬಂದಾಗ ಆಸ್ಪತ್ರೆಯ ವಾಸನೆಗೆ ಜಗಳವೂ ಆಗಬಹುದು.

ಹಿಕ್ಕೆ ನೋಡುವುದನ್ನು ಮಾತ್ರ ಕೂತು ಕಲಿಸಿ. ಸಂಕೋಚ ಬೇಡ, ಮೊಲದ ಆರೋಗ್ಯ ಇರುವುದೇ ಅಲ್ಲಿ. ಬೆಳಗ್ಗೆ ಹಿಕ್ಕೆಯ ಟ್ರೇ ತೆಗೆದು ಬೆಳಕಿಗೆ ಹಿಡಿಯಿರಿ. ಚೆನ್ನಾಗಿರುವ ಮೊಲ ದಿನಕ್ಕೆ 200–300 ಹಿಕ್ಕೆ ಹಾಕುತ್ತದೆ. ಎಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ, ಕಡಲೆಕಾಳಿನಷ್ಟು, ದುಂಡಗೆ. ಎರಡು ಬೆರಳಲ್ಲಿ ಒತ್ತಿದರೆ ಒಣಗಿದ ಹುಲ್ಲಿನ ಪುಡಿಯ ಹಾಗೆ ಉದುರಬೇಕು, ಕೆಟ್ಟ ವಾಸನೆ ಬರಬಾರದು. ಇವತ್ತಿನ ಹಿಕ್ಕೆ ಮೆಣಸಿನಕಾಳಿನಷ್ಟು ಸಣ್ಣದಾಗಿ, ಕಪ್ಪಗೆ, ಗಟ್ಟಿಯಾಗಿ ಬಿದ್ದಿದ್ದರೆ ನಿನ್ನೆಯಿಂದಲೇ ಏನೋ ಸರಿಯಿಲ್ಲ ಅಂತ ಅರ್ಥ. ಕೂದಲಿನ ಎಳೆಯಲ್ಲಿ ಮಣಿ ಪೋಣಿಸಿದ ಹಾಗೆ ಬಂದಿದ್ದರೆ ರೋಮ ಉದುರುತ್ತಿದೆ, ಹುಲ್ಲು ಜಾಸ್ತಿ ತಿನ್ನಬೇಕು. ಟ್ರೇ ಖಾಲಿ ಇದ್ದರೆ ಕಾಯಬಾರದು, ತಕ್ಷಣ ಡಾಕ್ಟರಿಗೆ ಫೋನ್. ಆದರೆ ಒಂದು ತೊಡಕಿದೆ. ಎರಡು ಮೊಲ ಒಂದೇ ಟ್ರೇ ಬಳಸಿದರೆ ಒಂದರದು ನಿಂತಿರುವುದು ಇನ್ನೊಂದರದರಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ದಿನಕ್ಕೆರಡು ಸಲ ಅವಳು ಒಂದೊಂದಕ್ಕೂ ಬೇರೆಬೇರೆಯಾಗಿ ಕೈಯಿಂದ ಒಂದು ಕಡ್ಡಿ ಕೊತ್ತಂಬರಿ ಕೊಡಬೇಕು. ಹತ್ತಿ ಮುಂದೆ ಬಂದು ಕಸಿದುಕೊಂಡು ತಿಂದಳೇ? ಸರಿ. ಮೂಸಿ ಮುಖ ತಿರುಗಿಸಿದಳೇ? ಆಗಿನಿಂದ ಗಡಿಯಾರ ನೋಡಲು ಶುರು.

ನೋವಿರುವ ಮೊಲ ಕೂಗುವುದಿಲ್ಲ, ಅಡಗಿಸಿಕೊಳ್ಳುತ್ತದೆ. ಮೂಲೆಯಲ್ಲಿ ಮೈ ಮುದುಡಿ, ಕಣ್ಣು ಅರ್ಧ ಮುಚ್ಚಿ ಕೂರುತ್ತದೆ. ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತದೆ, ಕರಕರ ಅಂತ ಕೇಳುವ ಹಾಗೆ ಹಲ್ಲು ಕಡಿಯುತ್ತದೆ. ಹಣೆ ಸವರಿದಾಗ ಮೆಲ್ಲಗೆ ಹಲ್ಲು ಮಸೆಯುವುದು ಬೇರೆ, ಅದು ಖುಷಿಗೆ. ಎರಡನ್ನೂ ಅವಳು ಕೇಳಿರಬೇಕು, ಕನಿಷ್ಠ ಖುಷಿಯದ್ದನ್ನಾದರೂ ನಿಮ್ಮ ಮುಂದೆ ಕೇಳಲಿ.

ಸುಮ್ಮನೆ ಗಾಬರಿ ಹುಟ್ಟಿಸುವ ಕೆಲವು ವಿಷಯಗಳೂ ಇವೆ, ಅವನ್ನೂ ಮೊದಲೇ ಹೇಳಿಬಿಡಿ. ಮೊಲ ಚೆನ್ನಾಗಿ ನೆಮ್ಮದಿಯಾಗಿದ್ದರೆ ದೊಪ್ಪೆಂದು ಪಕ್ಕಕ್ಕೆ ಬಿದ್ದು ಕಾಲು ಚಾಚಿ ಮಲಗುತ್ತದೆ. ಮೊದಲ ಸಲ ನೋಡಿದವರು ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ಮೂತ್ರ ಕೆಲವು ದಿನ ಕೇಸರಿ, ಇಟ್ಟಿಗೆ ಕೆಂಪು ಬಣ್ಣದಲ್ಲಿ ಬರುತ್ತದೆ, ಮಾಮೂಲಿ. ಆದರೆ ಮೂತ್ರ ಮಾಡಲು ತಿಣುಕುತ್ತಿದ್ದರೆ, ಕೆಂಪು ಗೆರೆ ಗೆರೆಯಾಗಿ ಕಂಡರೆ ಡಾಕ್ಟರಿಗೆ ತೋರಿಸಬೇಕು. ದ್ರಾಕ್ಷಿ ಗೊಂಚಲಿನ ಹಾಗೆ ಮೆತ್ತಗೆ, ಹೊಳೆಯುವ, ವಾಸನೆಯ ಹಿಕ್ಕೆ ಒಂದೊಂದು ಸಲ ಕಾಣುತ್ತದೆ. ಅದು ಭೇದಿಯಲ್ಲ. ಆ ಹುಳಿಯುವ ಚೀಲದಿಂದ ಬರುವ ಸತ್ವದ ಉಂಡೆ. ಮೊಲ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ, ತಿನ್ನಲೇಬೇಕು. ಹುಡುಗಿ ಅದನ್ನು ನೋಡಿ ಹೇಸಿಕೊಂಡು ತಡೆಯಬಾರದು. ದಿನವೂ ನೆಲದ ಮೇಲೆ ಬಿದ್ದಿದ್ದರೆ ಮಾತ್ರ ಪೆಲೆಟ್ ಜಾಸ್ತಿಯಾಗಿದೆ, ಇಲ್ಲವೇ ದಪ್ಪ ಮೈಗೆ ಬಗ್ಗಲು ಆಗುತ್ತಿಲ್ಲ ಅಂತ.

ಇಲ್ಲಿ ಬೆಲ್ಲನ ವಿಷಯ. ದಪ್ಪ ಮೊಲದ ಹಿಂಭಾಗಕ್ಕೆ ಆ ಮೆತ್ತನೆಯದು ಮೆತ್ತಿಕೊಂಡು ಒದ್ದೆಯಾದರೆ ಬೇಸಿಗೆಯಲ್ಲಿ ನೊಣ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಹುಳ ಹೊರಬಂದು ಚರ್ಮ ತಿನ್ನಲು ಶುರುಮಾಡುತ್ತವೆ. ಕೇಳಲು ಕಷ್ಟ, ನೋಡಲು ಇನ್ನೂ ಕಷ್ಟ. ಹೊರಡುವ ಮುಂಚೆ ನೀವೇ ಅಲ್ಲಿನ ಉದ್ದ ರೋಮ ಕತ್ತರಿಸಿಕೊಂಡು ಹೋಗಿ. ಹುಡುಗಿ ದಿನಾ ಅವನು ಸೊಪ್ಪು ತಿನ್ನುವಾಗ ಹಿಂದಿನಿಂದ ಬಗ್ಗಿ ನೋಡಲಿ. ಕೊಳೆ ಕಂಡರೆ ಒದ್ದೆ ಬಟ್ಟೆಯಲ್ಲಿ ಅಷ್ಟು ಜಾಗ ಮಾತ್ರ ಒರೆಸಿ ಒಣಗಿಸಬೇಕು. ಸ್ನಾನ ಮಾತ್ರ ಬೇಡ. ನೀರಿನಲ್ಲಿ ಮುಳುಗಿಸಿದ ಮೊಲ ಹೆದರಿಕೆಗೇ ಕುಸಿಯಬಹುದು.

ಮೇವಿನಲ್ಲಿ ಎಂಟು ದಿನವೂ ಹೊಸದು ಏನೂ ಬೇಡ. ಈಗ ಏನು ತಿನ್ನುತ್ತಿವೆಯೋ ಅದೇ. ತಿಮೋತಿ ಎಂಬ ಒಣಹುಲ್ಲು ಕೊಡುತ್ತಿದ್ದರೆ ಹತ್ತು ದಿನಕ್ಕೆ ಆಗುವಷ್ಟು ತಂದಿಡಿ, ಗರಿಕೆ ಕೊಡುತ್ತಿದ್ದರೆ ದಿನಾ ತಂದುಕೊಡುವವರನ್ನು ಗೊತ್ತುಮಾಡಿ. ರಸ್ತೆ ಬದಿಯದು ಬೇಡ, ಅಲ್ಲಿ ನಾಯಿ ಮೂತ್ರವೂ ಇರುತ್ತದೆ, ಕಳೆನಾಶಕವೂ ಇರುತ್ತದೆ. ಕುದುರೆ ಮಸಾಲೆ ಹುಲ್ಲು ಬೆಳೆದ ಮೊಲಗಳಿಗೆ ದಿನವೂ ಒಳ್ಳೆಯದಲ್ಲ, ಅದರಲ್ಲಿ ಸುಣ್ಣದಂಶ ಜಾಸ್ತಿ, ಮೂತ್ರಕೋಶದಲ್ಲಿ ಕೆಸರಿನ ಹಾಗೆ ನಿಲ್ಲುತ್ತದೆ. ಸೊಪ್ಪನ್ನು ಎಂಟು ದಿನಕ್ಕೆ ಒಟ್ಟಿಗೆ ತರಬೇಡಿ. ತಳ್ಳುಗಾಡಿಯವರಿಂದ ದಿನಾ ಒಂದು ಕಟ್ಟು ಕೊತ್ತಂಬರಿ, ಒಂದು ದಿನ ಪುದೀನ, ಒಂದು ದಿನ ಮೂಲಂಗಿ ಸೊಪ್ಪು ತೆಗೆದುಕೊಳ್ಳಲು ಹುಡುಗಿಗೆ ದುಡ್ಡು ಕೊಟ್ಟು ಹೋಗಿ. ತೊಳೆದು, ನೀರು ಜಾಡಿಸಿ ಕೊಡಬೇಕು. ಪೆಲೆಟ್ ಅನ್ನು ಮಾತ್ರ ನೀವೇ ತೂಗಿ ಪೊಟ್ಟಣ ಕಟ್ಟಿ. ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಸಾಕು. ಎಂಟು ದಿನ, ದಿನಕ್ಕೆರಡು ಹೊತ್ತು, ಹದಿನಾರು ಪೊಟ್ಟಣ, ಪ್ರತಿಯೊಂದರ ಮೇಲೂ ತಾರೀಕು ಮತ್ತು "ಬೆಳಗ್ಗೆ", "ರಾತ್ರಿ". ಅವಳ ಬದಲು ಅವಳ ಅಮ್ಮ ಬಂದರೂ ಹಾಕಿದ್ದಾ ಇಲ್ವಾ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ದಾವಣಗೆರೆಯವರಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು: ಮಂಡಕ್ಕಿ ಬೇಡ. ಸಂಜೆ ಮಂಡಕ್ಕಿ ತಿನ್ನುತ್ತಾ ಕೂತಾಗ ಮೊಲ ಬಂದು ಮುಂಗಾಲು ಎತ್ತಿ ನಿಂತರೆ ಯಾರ ಮನಸ್ಸೂ ಕರಗುತ್ತದೆ. ಆದರೆ ಮಂಡಕ್ಕಿ, ಬಿಸ್ಕತ್ತು, ಚಪಾತಿ, ಅನ್ನ, ಇವೆಲ್ಲ ಹಿಟ್ಟಿನ ಪದಾರ್ಥ. ಆ ಚೀಲದೊಳಗಿನ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪಿ ಗ್ಯಾಸ್ ಆಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಚಾಕೊಲೇಟ್ ಹತ್ತಿರವೂ ಸುಳಿಯಬಾರದು. ಕ್ಯಾರೆಟ್ ಕೂಡ ಸಿಹಿ ತಿಂಡಿಯೇ, ಒಂದು ಬಿಲ್ಲೆ ಸಾಕು.

ಬೇಸಿಗೆಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ, ನನಗೆ ಅದೇ ದೊಡ್ಡ ಚಿಂತೆ. ನಿಮ್ಮ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಹತ್ತಿರ ಹೋಗುತ್ತದೆ. ಮೊಲಕ್ಕೆ 28 ಮೀರಿದರೆ ಕಷ್ಟ, 30 ದಾಟಿದರೆ ಅಪಾಯ. ನೀವಿದ್ದಾಗ ಕಿಟಕಿ ತೆರೆದಿರುತ್ತದೆ, ಫ್ಯಾನ್ ಓಡುತ್ತಿರುತ್ತದೆ. ಬೀಗ ಹಾಕಿದ ಮನೆಯೊಳಗೆ, ಅದರಲ್ಲೂ ತಾರಸಿಯ ಕೆಳಗಿನ ಕೋಣೆಯಲ್ಲಿ, ಗಾಳಿ ನಿಂತು ಒಲೆಯ ಹಾಗಾಗುತ್ತದೆ. ಮೊಲಗಳನ್ನು ಕೆಳಗಿನ ಮಹಡಿಯ, ಬಿಸಿಲು ಬೀಳದ, ಟೈಲ್ಸ್ ನೆಲದ ಕೋಣೆಗೆ ಈಗಲೇ ಬದಲಾಯಿಸಿ, ಹೊರಡುವ ದಿನವಲ್ಲ. ನಿಮ್ಮ ಕಡೆ ಒಣ ಸೆಕೆ, ಹಾಗಾಗಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಒಂದು ಕಿಟಕಿ ತೆರೆದಿರಬೇಕು. ಆ ಕಿಟಕಿಗೆ ಗಟ್ಟಿ ಜಾಲರಿ ಬೇಕು, ಮನೆ ನಿಶ್ಶಬ್ದವಾದ ಕೂಡಲೇ ಬೀದಿ ಬೆಕ್ಕು ಒಳಗೆ ನುಗ್ಗುತ್ತದೆ. ಕರೆಂಟ್ ಹೋದರೆ? ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ನಾಲ್ಕು ತೆಗೆದುಕೊಂಡು ಮುಕ್ಕಾಲು ನೀರು ತುಂಬಿ ಫ್ರೀಜರ್‌ನಲ್ಲಿ ಇಡಿ. ಬೆಳಗ್ಗೆ ಎರಡು ಹೊರಗೆ, ಮಧ್ಯಾಹ್ನ ಅವು ಒಳಗೆ, ಇನ್ನೆರಡು ಹೊರಗೆ. ಹಳೆಯ ಹತ್ತಿ ಬಟ್ಟೆ ಸುತ್ತಿ ನೆಲದ ಮೇಲೆ ಇಟ್ಟರೆ ಮೊಲಗಳೇ ಬಂದು ಒರಗಿ ಮಲಗುತ್ತವೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಕಿವಿ ಸುಡುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ತಣ್ಣೀರಿನ ಬಟ್ಟೆಯಿಂದ ಕಿವಿ ಒರೆಸುತ್ತಾ ಡಾಕ್ಟರ ಹತ್ತಿರ ಓಡಬೇಕು. ಐಸ್ ನೀರು ಸುರಿಯಬಾರದು.

ಸೊಳ್ಳೆ ಬತ್ತಿ, ಇರುವೆ ಚಾಕ್, ಜಿರಲೆ ಸ್ಪ್ರೇ ಆ ಕೋಣೆಗೆ ಬರಬಾರದು. ಮೊಲ ನೆಲ ನೆಕ್ಕುತ್ತದೆ, ಪಾದ ನೆಕ್ಕುತ್ತದೆ. ಪೆಲೆಟ್‌ಗೆ ಇರುವೆ ಮುತ್ತಿದರೆ ಬಟ್ಟಲನ್ನು ನೀರಿನ ತಟ್ಟೆಯಲ್ಲಿ ಇಡಿ. ವೈರ್‌ಗಳನ್ನೆಲ್ಲ ಮೇಲೆತ್ತಿ ಕಟ್ಟಿ.

ಔಷಧಿಯ ವಿಷಯದಲ್ಲಿ ಹುಡುಗಿಗೆ ಒಂದೇ ನಿಯಮ: ಮೆಡಿಕಲ್ ಶಾಪಿನಿಂದ ಏನೂ ತಂದು ಹಾಕಬಾರದು. ನಮಗೆಲ್ಲ ಕೊಡುವ ಅಮಾಕ್ಸಿಸಿಲಿನ್ ಮೊಲದ ಬಾಯಿಗೆ ಹೋದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೂ ಸಾಯಬಹುದು. ನಾಯಿಯ ಮೈಯ ಉಣ್ಣಿಗೆ ಹೊಡೆಯುವ ಫಿಪ್ರೋನಿಲ್ ಸ್ಪ್ರೇ ಮೊಲಕ್ಕೆ ವಿಷ. ಹೊಟ್ಟೆ ಉಬ್ಬಿದಾಗ ಸಿರಿಂಜಿನಲ್ಲಿ ಬಲವಂತವಾಗಿ ತಿನ್ನಿಸುವುದೂ ಡಾಕ್ಟರ್ ನೋಡಿದ ಮೇಲೆಯೇ. ಒಳಗೆ ಏನಾದರೂ ಅಡ್ಡ ಸಿಕ್ಕಿದ್ದರೆ ತಿನ್ನಿಸಿದಷ್ಟೂ ಅಪಾಯ.

ಈಗ ಎಲ್ಲಕ್ಕಿಂತ ಮುಖ್ಯವಾದ, ಹೆಚ್ಚಿನವರು ಮರೆಯುವ ವಿಷಯ. ಆ ಹುಡುಗಿಗೆ ತೊಂದರೆ ಕಂಡಿತು ಅಂದುಕೊಳ್ಳಿ. ಆಮೇಲೆ? ನಿಮಗೆ ಫೋನ್ ಮಾಡುತ್ತಾಳೆ. ಧಾರೆ ಹೊತ್ತು, ವಾಲಗ ಜೋರಾಗಿದೆ, ಫೋನ್ ಬ್ಯಾಗಿನಲ್ಲಿದೆ. ಅವಳು ಕಾಯುತ್ತಾಳೆ. ಆಂಟಿ ಬೈದರೆ, ದುಡ್ಡು ಜಾಸ್ತಿ ಖರ್ಚಾದರೆ, ನಾನು ಸುಮ್ಮನೆ ಹೆದರಿದ್ದರೆ ಅಂತ ಯೋಚಿಸುತ್ತಾಳೆ. ಆ ಕಾಯುವಿಕೆಯಲ್ಲೇ ಮೊಲಗಳು ಸಾಯುವುದು. ಅದಕ್ಕೆ ಅವಳ ಅಮ್ಮನ ಮುಂದೆಯೇ ಹೇಳಿ: "ನಿನಗೆ ಅನುಮಾನ ಬಂದರೆ ಸಾಕು, ನನ್ನನ್ನು ಕೇಳಬೇಡ, ಕರೆದುಕೊಂಡು ಹೋಗು. ಏನೂ ಇರಲಿಲ್ಲ ಅಂತಾದರೆ ನನಗೆ ಸಂತೋಷವೇ." ಲಕೋಟೆಯಲ್ಲಿ ಆಟೋಗೆ, ಆಸ್ಪತ್ರೆಗೆ ದುಡ್ಡು ಇಡಿ. ಚಿಕಿತ್ಸೆ ಕೊಡಿಸಲು ನನ್ನ ಒಪ್ಪಿಗೆ ಇದೆ ಅಂತ ಒಂದು ಚೀಟಿ ಬರೆದು ಸಹಿ ಮಾಡಿ. ನೀವು ಸಿಗದಿದ್ದರೆ ಯಾರು ನಿರ್ಧಾರ ಮಾಡಬೇಕು ಅಂತ, ಮದುವೆಗೆ ಬರದ ಒಬ್ಬ ದೊಡ್ಡವರ ಹೆಸರು, ನಂಬರ್ ಅದರಲ್ಲಿರಲಿ.

ಡಾಕ್ಟರ್ ಯಾರು ಅಂತಲೂ ಈಗಲೇ ತೀರ್ಮಾನವಾಗಬೇಕು. ನಾಯಿ ಬೆಕ್ಕು ನೋಡುವವರೆಲ್ಲ ಮೊಲ ನೋಡುವುದಿಲ್ಲ. ಫೋನ್ ಮಾಡಿ ನೇರವಾಗಿ ಕೇಳಿ: ಮೊಲಗಳಿಗೆ ಚಿಕಿತ್ಸೆ ಕೊಡುತ್ತೀರಾ, ಭಾನುವಾರ ಇರುತ್ತೀರಾ, ರಾತ್ರಿ ಯಾರು ಸಿಗುತ್ತಾರೆ? ಊರಿನಲ್ಲಿ ಸಿಗದಿದ್ದರೆ ಎರಡನೇ ಹೆಸರಾಗಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಬರೆದಿಡಿ, ಯಾವ ಹೊತ್ತಿನಲ್ಲಿ ನೋಡುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ. 1962 ಸಹಾಯವಾಣಿ ಮುಖ್ಯವಾಗಿ ದನಕರುಗಳಿಗೆ ಇರುವುದು. ಅದೊಂದನ್ನೇ ನಂಬಿ ಕೂರಬೇಡಿ.

ಉಡುಪಿಯಿಂದ ದಿನಾ ವಿಡಿಯೋ ಕಾಲ್ ಮಾಡಿ "ಹತ್ತಿ, ಬೆಲ್ಲ" ಅಂತ ಕರೆಯಬೇಕು ಅನ್ನಿಸುತ್ತದೆ, ಮಾಡಿ. ಆದರೆ ಬೆಳಗ್ಗೆ ಹುಡುಗಿಯಿಂದ ಎರಡು ಫೋಟೋ ತರಿಸಿಕೊಳ್ಳಿ. ಒಂದು ತೆಗೆಯುವ ಮುಂಚಿನ ಟ್ರೇ, ಇನ್ನೊಂದು ಉಳಿದ ಹುಲ್ಲು. ಮುದ್ದು ಮುಖದ ಫೋಟೋದಲ್ಲಿ ಏನೂ ಗೊತ್ತಾಗುವುದಿಲ್ಲ. ಈ ಎರಡರಲ್ಲಿ ಎಲ್ಲ ಗೊತ್ತಾಗುತ್ತದೆ, ನಿಮಗೂ, ಬೇಕಾದರೆ ಡಾಕ್ಟರಿಗೂ.

ಏಪ್ರಿಲ್ ಮೊದಲ ವಾರವೇ ಎರಡನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ ಬನ್ನಿ. ಹಿಂದಿನ ಹಲ್ಲು ಚೂಪಾಗಿ ಬೆಳೆದು ಕೆನ್ನೆಗೆ ಚುಚ್ಚುತ್ತಿದೆಯಾ ಅಂತ ನೋಡಿಸಿ, ಹತ್ತಿ ದೀಪಾವಳಿಗೆ ತಿನ್ನದಿರಲು ಅದೂ ಒಂದು ಕಾರಣವಾಗಿರಬಹುದು. ತೂಕ ಬರೆಸಿಕೊಳ್ಳಿ. ಹೋಗುವಾಗ ಆ ಹುಡುಗಿಯನ್ನೂ ಕರೆದುಕೊಂಡು ಹೋಗಿ, ಬುಟ್ಟಿ ಅವಳ ಕೈಯಲ್ಲೇ ಇರಲಿ. ಆಸ್ಪತ್ರೆಯ ದಾರಿ, ಡಾಕ್ಟರ ಮುಖ, ಎಲ್ಲಿ ಚೀಟಿ ಮಾಡಿಸಬೇಕು, ಎಲ್ಲ ಅವಳು ಒಮ್ಮೆ ನೋಡಿರಲಿ.